ಬಚ್ಚಿಟ್ಟ ಏಳನೇ ಸ್ಲೈಡು

“ಕಗ್ಗದಾಸಪುರಕ್ಕೆಲ್ಲ ಕಂಪ್ಯೂಟರ್ ಕಲಿಸ್ದೋಳೇ ನಾನು, ಜರುಗಿ!” ಎನ್ನುತ್ತಾ ಶಾಂತಕುಮಾರಮ್ಮ ಬಡಾವಣೆ ಸಭೆಯ ಲ್ಯಾಪ್‌ಟಾಪ್ ಮುಂದೆ ಕೂತರು. “ಅರ್ಧ ಸುಳ್ಳು ಅನ್ಕೊಳಿ. ಮೊಮ್ಮಗಳು ನಂಗೆ ಕಲಿಸಿರೋದೇ ಒಂದು ಉಪಾಯ.”

ಹೆಂಗಸರ ಹೊಲಿಗೆ ಕೋಣೆಯನ್ನು ಜಿಮ್ ಮಾಡಲು ಹೊರಟಿದ್ದ ಕಾರ್ಯದರ್ಶಿ ಭಾರ್ಗವ್, ಅವರೆಲ್ಲ ಬರೆದುಕೊಟ್ಟ ವಿರೋಧದ ಪತ್ರವನ್ನು ಸಭೆಗೆ ತೋರಿಸುತ್ತಿದ್ದ ಸ್ಲೈಡುಗಳ ನಡುವೆ ಕಾಣದಂತೆ ಅಡಗಿಸಿದ್ದ. ಪರದೆಯ ಮೂಲೆಯ ಸಂಖ್ಯೆ ಆರರಿಂದ ಎಂಟಕ್ಕೆ ಹಾರಿದ್ದು ಶಾಂತಕುಮಾರಮ್ಮನ ಕಣ್ಣಿಗೆ ಬಿದ್ದಿತ್ತು.

“ಅದು ಹೈಡ್ ಆಗಿದೆ ಅಜ್ಜೀ. ಬರಲ್ಲ, ಏಳಿ. ಕೈ ಎತ್ತಿಸಿ ಓಟು ಮುಗಿಸ್ಬೇಕು,” ಎಂದು ಭಾರ್ಗವ್ ಅವಸರಿಸಿದ.

“ಬಚ್ಚಿಟ್ಕೊಂಡಿದ್ರೂ ನಂಬರ್ ಹಿಡಿದು ಕರೆದ್ರೆ ಬರುತ್ತಪ್ಪಾ!” ಅವರು ಏಳನ್ನು ಒತ್ತಿ, ಮೆಣಸಿನಕಾಯಿ ಕುಟ್ಟುವಂತೆ ಎಂಟರ್ ಕುಟ್ಟಿದರು. ಪರದೆ ತುಂಬ ನಲವತ್ತು ಹೆಂಗಸರ ಸಹಿ ಬಂದು ನಿಂತಿತು. ಸಹಿ ಹಾಕಿದವರೆಲ್ಲ ಕುರ್ಚಿ ಬಿಟ್ಟೆದ್ದರು.

“ಈಗ ಎತ್ತಿಸು ಮಗಾ. ಜಿಮ್ಮಿಗೆ ಎಷ್ಟು ಕೈ ಏಳುತ್ತೆ, ನೀನೇ ಹೇಳು ನೋಡೋಣ?”