ಮೂರು ಲೆನ್ಸ್, ಒಂದು ಫ್ಲ್ಯಾಶ್

“ಸದ್ದಾಗಬಾರದು. ತೆಗೆದದ್ದು ಅವನಿಗೆ ಗೊತ್ತೇ ಆಗಬಾರದು.”

ಕೌಂಟರಿನ ಆಚೆಗಿದ್ದ ಗ್ರೆಗ್ ತಲೆ ಎತ್ತಿದ. ಎದುರಿಗೆ ಐವತ್ತು ದಾಟಿದ ಹೆಂಗಸು. ಆರ್ಡಿಸ್ ಎಂದು ಹೆಸರು ಹೇಳಿಕೊಂಡಿದ್ದಳು. ಅಮೆರಿಕದ ಡುಲೂತ್ ಪಟ್ಟಣದ ಆ ಕ್ಯಾಮೆರಾ ಅಂಗಡಿಗೆ ಇಂಥವರು ಬರುವುದು ಮೊಮ್ಮಕ್ಕಳ ಫೋಟೋ ತೆಗೆಯಲು, ಇಲ್ಲವೇ ಹಕ್ಕಿಗಳ ಫೋಟೋ ತೆಗೆಯಲು.

“ಹಕ್ಕಿನಾ ಮೇಡಂ?”

“ಗಂಡ.”

ಗ್ರೆಗ್‌ಗೆ ನಗು ಬಂತು. ಆರ್ಡಿಸ್ ನಗಲಿಲ್ಲ. ದನಿ ತಗ್ಗಿಸಿ ಹೇಳಿಕೊಂಡಳು. ಮಾತು ಕೊಟ್ಟವಳನ್ನು ನಡುನೀರಿನಲ್ಲಿ ಬಿಟ್ಟು ಆ ಮನುಷ್ಯ ಇನ್ನೊಂದು ಕಡೆ ಹಾಯಾಗಿದ್ದಾನೆ. ಬಾಯಿಮಾತಿನಲ್ಲಿ ಕೇಳಿದರೆ ನಾನಲ್ಲ ಎಂದುಬಿಡುತ್ತಾನೆ. ಅಲ್ಲ ಎನ್ನಲಾಗದಂಥ ಚಿತ್ರ ಬೇಕು.

ಗ್ರೆಗ್‌ನ ಮುಖ ಅರಳಿತು. ದಿನವಿಡೀ ಟ್ರೈಪಾಡ್, ಬ್ಯಾಟರಿ ಮಾರುವವನಿಗೆ ಇದು ಹಬ್ಬ. ಅಂಗೈಯಷ್ಟಗಲದ ಮಿರರ್‌ಲೆಸ್ ಕ್ಯಾಮೆರಾ ತೆಗೆದಿಟ್ಟ. ಇದರೊಳಗೆ ಕನ್ನಡಿ ಇಲ್ಲ, ಆದ್ದರಿಂದ ಹಳೆಯವುಗಳಂತೆ ಟಪ್ಪೆಂದು ಬಡಿದುಕೊಳ್ಳುವುದಿಲ್ಲ, ಉಳಿದ ಚೂರು ಸದ್ದನ್ನೂ ಮೆನುವಿನಲ್ಲಿ ನಿಲ್ಲಿಸಬಹುದು ಎಂದು ತೋರಿಸಿಕೊಟ್ಟ.

ಆಮೇಲೆ ಲೆನ್ಸು. ಒಂದೇ ಸಾಲದು ಎಂದ. ಮುಖ, ಕೈ, ಜಾಗ, ಈ ಮೂರೂ ಸಿಕ್ಕರೆ ಯಾವ ವಕೀಲನೂ ಅವನನ್ನು ಬಿಡಿಸಲಾರ. ಮುಖಕ್ಕೆ ಎಂಬತ್ತೈದು ಮಿಲಿಮೀಟರಿನ ಲೆನ್ಸು. ಮಬ್ಬು ಬೆಳಕಿನಲ್ಲೂ ಕಣ್ಣಿನ ರೆಪ್ಪೆ ಎಣಿಸಬಹುದು. ಜಾಗಕ್ಕೆ ಉದ್ದನೆಯ ಜೂಮು. ರಸ್ತೆಯಾಚೆ ನಿಂತು, ಬಾಗಿಲ ಮೇಲಿನ ಬೋರ್ಡಿನ ಸಮೇತ ಹಿಡಿಯಬಹುದು. ಕೈಗೆ ಮ್ಯಾಕ್ರೋ, ತೀರ ಹತ್ತಿರದಿಂದ ಗೆರೆಗೆರೆಯನ್ನೂ ಹಿಡಿಯುವಂಥದ್ದು.

“ಕೈ ಯಾಕೆ?” ಆರ್ಡಿಸ್ ಕೇಳಿದಳು.

“ಮುಖ ಬದಲಾಗತ್ತೆ ಮೇಡಂ. ಗಡ್ಡ ಬಿಡ್ತಾರೆ, ಕನ್ನಡಕ ಹಾಕ್ತಾರೆ. ಕೈ ಎಲ್ಲಿಗೆ ಹೋಗತ್ತೆ?”

ಕೌಂಟರಿನ ಮೇಲಿದ್ದ ಮರದ ಬಾತುಕೋಳಿಯನ್ನು ಮುಂದೆ ತಳ್ಳಿ, ಇದರ ಮೇಲೆ ಪರೀಕ್ಷೆ ಮಾಡಿ ಎಂದ. ಅವಳು ಒಂದೆರಡು ಸಲ ಕ್ಲಿಕ್ಕಿಸಿ ತಲೆಯಾಡಿಸಿದಳು.

“ಬಾತುಕೋಳಿ ಸುಳ್ಳು ಹೇಳಲ್ಲ. ಗಂಡಸಿನ ಮುಖದ ಮೇಲೆ ನೋಡ್ಬೇಕು.”

ನನ್ನ ಫೋಟೋ ಚೆನ್ನಾಗಿ ಬರುವುದಿಲ್ಲ, ತೆಗೆಸಿಕೊಳ್ಳುವ ಅಭ್ಯಾಸವೂ ಇಲ್ಲ ಎಂದು ಗ್ರೆಗ್ ಜಾರಿಕೊಂಡ. ಹಾಗಾದರೆ ಬೇರೆ ಅಂಗಡಿಗೆ ಹೋಗುತ್ತೇನೆ ಎಂದು ಅವಳು ಬ್ಯಾಗು ಹೆಗಲಿಗೇರಿಸಿದಳು. ಮೂರು ಲೆನ್ಸಿನ ಗಿರಾಕಿ. ಆಮೇಲೆ ಅಳಿಸಿದರಾಯಿತು ಎಂದು ಅವನು ಒಪ್ಪಿದ. ಮೊದಲು ಮುಖ. ಆಮೇಲೆ ಗಾಜಿನ ಮೇಲೆ ಊರಿದ ಕೈ: ಉಗುರು, ಗೆರೆ, ಹೆಬ್ಬೆರಳ ಬುಡದಲ್ಲಿ ಮೀನಿನ ಗಾಳ ಹರಿದ ಹಳೆಯ ಗಾಯದ ಗುರುತು. ಕೊನೆಗೆ ಅವಳು ರಸ್ತೆಯಾಚೆ ಹೋಗಿ, ಬಾಗಿಲಲ್ಲಿ ನಿಂತ ಅವನನ್ನು ಬೋರ್ಡಿನ ಸಮೇತ ಹಿಡಿದಳು.

ವಾಪಸ್ಸು ಬಂದವಳಿಗೆ ಒಂದು ಸಂಶಯವಿತ್ತು. ಗಂಡ ಕ್ಯಾಮೆರಾ ಕಿತ್ತುಕೊಂಡರೆ? ಅದಕ್ಕೂ ದಾರಿ ಇದೆ ಎಂದು ಗ್ರೆಗ್ ತಾನೇ ಅವಳ ಫೋನು ಇಸಿದುಕೊಂಡು ಕ್ಯಾಮೆರಾಕ್ಕೆ ಜೋಡಿಸಿದ. ಇನ್ನು ಮೆಮೊರಿ ಕಾರ್ಡಿನಲ್ಲಿರುವುದೆಲ್ಲ ತಾನಾಗಿ ಫೋನಿಗೆ ಇಳಿಯುತ್ತದೆ, ಕ್ಯಾಮೆರಾ ಒಡೆದುಹಾಕಿದರೂ ಚಿತ್ರ ಉಳಿಯುತ್ತದೆ.

“ಒಂದು ಫ್ಲ್ಯಾಶೂ ಕೊಡಿ.”

ಈ ಸಲ ಗ್ರೆಗ್ ಜೋರಾಗಿ ನಕ್ಕ. “ಕದ್ದು ತೆಗೆಯೋಕೆ ಫ್ಲ್ಯಾಶಾ? ಓಡಿ ಹೋಗ್ತಾನೆ.”

“ಎಷ್ಟು ದಿನ ಕದ್ದು ನೋಡ್ಲಿ? ಕೊನೇಲಿ ಒಂದ್ಸಲ ಎದುರಿಗೆ ನಿಂತು ಬೆಳಕು ಹಾಕ್ಬೇಕು.”

ಅವನು ಎರಡು ತಂದ. ಅಗ್ಗದ್ದು ಕ್ಯಾಮೆರಾದ ಮೇಲೆ ಕೂರುತ್ತದೆ, ಆದರೆ ಅದರೊಂದಿಗೆ ಮಾತಾಡುವುದಿಲ್ಲ, ಕುರುಡಾಗಿ ಹೊಡೆಯುತ್ತದೆ. ಇನ್ನೊಂದು ದೂರ ಅಳೆದು ಬೇಕಾದಷ್ಟೇ ಬೆಳಕು ಕೊಡುತ್ತದೆ. ಅದರ ತಲೆಯನ್ನು ಚಾವಣಿಗೆ ತಿರುಗಿಸಿದರೆ ಮುಖ ಮೃದುವಾಗಿ ಬರುತ್ತದೆ ಎಂದ. ಅವಳು ತಲೆಯನ್ನು ನೇರ ಅವನತ್ತ ತಿರುಗಿಸಿ ಹೊಡೆದಳು. ಗ್ರೆಗ್ ಕಣ್ಣುಜ್ಜಿಕೊಂಡ.

ಪೆಟ್ಟಿಗೆ ಕಟ್ಟುವ ಮುಂಚೆ ತನ್ನ ನಾಲ್ಕೂ ಚಿತ್ರಗಳನ್ನು ಮರೆಯದೆ ಕಾರ್ಡಿನಿಂದ ಅಳಿಸಿದ. ಬಾಗಿಲವರೆಗೂ ಬಂದು, ಬಿಡಬೇಡಿ ಮೇಡಂ, ಅಂಥವರಿಗೆ ಬುದ್ಧಿ ಬರಬೇಕು ಎಂದು ಬೀಳ್ಕೊಟ್ಟ.

ಆರ್ಡಿಸ್ ಕಾರಿನಲ್ಲಿ ಕೂತು ಫೋನು ತೆರೆದಳು. ನಾಲ್ಕೂ ಚಿತ್ರ ಇಳಿದಿದ್ದವು. ಕಳಿಸಿದಳು.

ನಾಲ್ಕು ಗಂಟೆಯ ದಾರಿಯಾಚೆ, ಗಾಲಿಕುರ್ಚಿಯಲ್ಲಿದ್ದ ನೋರೀನ್ ಅವುಗಳನ್ನು ನೋಡಿದಳು. ಒಂಬತ್ತು ವರ್ಷದ ಹಿಂದೆ, ಮಂಜುಗಡ್ಡೆ ತೆಳುವಾಗುವ ಮಾರ್ಚ್ ತಿಂಗಳಲ್ಲಿ, ಅವಳನ್ನು ಮದುವೆಯಾಗಬೇಕಿದ್ದವನು ಕುಡಿದು, ಬೇಡವೆಂದರೂ ಕೇಳದೆ, ಹೆಪ್ಪುಗಟ್ಟಿದ ಸರೋವರದ ಮೇಲೆ ಟ್ರಕ್ಕು ಓಡಿಸಿದ್ದ. ಮಂಜುಗಡ್ಡೆ ಒಡೆಯಿತು. ಅವನು ಹತ್ತಿ ಬಂದ. ಅಂಚು ಹಿಡಿದು ಕೂಗುತ್ತಿದ್ದವಳನ್ನು ಒಂದು ಸಲ ತಿರುಗಿ ನೋಡಿ, ದಡಕ್ಕೆ ನಡೆದುಹೋದ. ಯಾರಿಗೂ ಹೇಳಲಿಲ್ಲ. ಮೀನು ಹಿಡಿಯುವವನೊಬ್ಬ ಕೇಳಿಸಿಕೊಂಡು ಎಳೆದುಹಾಕುವ ಹೊತ್ತಿಗೆ ಅವಳ ಎರಡೂ ಪಾದ ಸತ್ತಿದ್ದವು. ವಾರಂಟು ಹೊರಟಿತು, ವೇಡ್ ಎಂಬ ಹೆಸರಿತ್ತು, ಆಳಿರಲಿಲ್ಲ. ತೋರಿಸಲು ಅವನ ಒಂದು ಫೋಟೋ ಕೂಡ ಇರಲಿಲ್ಲ, ಅವಳ ಮನೆಯವರು ಯಾರೂ ಅವನನ್ನು ಕಂಡಿರಲಿಲ್ಲ.

ಉತ್ತರ ಬಂತು: “ಅವನೇ.”

ಆರ್ಡಿಸ್ ಪಕ್ಕದ ಕಾರಿನ ಕಿಟಕಿಗೆ ಫೋನು ಹಿಡಿದಳು. ಒಳಗಿದ್ದ ಇಬ್ಬರು ಪೊಲೀಸರು ಓದಿ, ಟೋಪಿ ಹಾಕಿಕೊಂಡು ಇಳಿದರು.

ಬಾಗಿಲ ಗಂಟೆ ಸದ್ದಾದಾಗ ಗ್ರೆಗ್ ಬೆನ್ನು ತಿರುಗಿಸಿ ಲೆನ್ಸುಗಳನ್ನು ಜೋಡಿಸುತ್ತಿದ್ದ. ಕಪಾಟಿನ ಗಾಜಿನಲ್ಲಿ ಅವಳೊಬ್ಬಳೇ ಕಂಡಿರಬೇಕು.

“ಇಷ್ಟು ಬೇಗನಾ ಮೇಡಂ? ಸಿಕ್ಕೇಬಿಟ್ರಾ ನಿಮ್ಮ ಯಜಮಾನ್ರು?”

“ನಂಗೆ ಮದುವೇನೇ ಆಗಿಲ್ಲ, ವೇಡ್. ನಾನು ನೋರೀನ್‌ಳ ಅಕ್ಕ.”