ನಡುಹಗಲ ಕೈತುತ್ತು

ಬಿಸಿಲೆಲ್ಲ ನೆರೆಯ ಸಾಮ್ರಾಜ್ಯದಿಂದ ಕೊಳವೆಯಲ್ಲಿ ಬರುತ್ತಿದ್ದ ನಾಡು ಅದು. ಪ್ರಜೆಗಳಿಗೆ ಅಧಿಕಾರ ಕೊಡುವ ಸಂವಿಧಾನಕ್ಕೆ ಸಹಿ ಹಾಕುವ ಮುನ್ನ, ಅರಮನೆಯ ಪದ್ಧತಿಯಂತೆ ದೊರೆ ತಮ್ಮನ್ನು ಸಾಕಿದ ಸಿದ್ದವ್ವನ ಕೈತುತ್ತಿಗೆ ಕೂತಿದ್ದರು.

"ಸಹಿ ಬಿದ್ದರೆ ಬಿಸಿಲು ಬಂದ್," ಎಂದ ಸಾಮ್ರಾಜ್ಯದ ರಾಯಭಾರಿ, ರುಚಿ ತೋರಿಸಲು ಚಿಟಿಕೆ ಹೊಡೆದ. ನಡುಮಧ್ಯಾಹ್ನ ಆರಿಹೋಯಿತು.

ದೊರೆಯ ಉಸಿರು ಬಿಗಿಯಾದದ್ದು ಸಿದ್ದವ್ವನಿಗೆ ಕೇಳಿಸಿತು. ಕೂಸಾಗಿದ್ದಾಗಲೂ ಕತ್ತಲೆಂದರೆ ಹೀಗೇ. ಅವಳು ಮೊಸರನ್ನದ ತುತ್ತು ಎತ್ತಿದಳು.

"ಬಾಯಿ ತೆಗೀರಿ, ಬುದ್ಧಿ."

ತುತ್ತು ನೇರ ಬಾಯಿಗೇ ಹೋಯಿತು.

"ನೋಡಿದ್ರಾ? ಕತ್ಲಲ್ಲಿ ಉಂಡ್ರೆ ತುತ್ತೇನು ಮೂಗಿಗೆ ಹೋಗಾಕಿಲ್ಲ."

ಅತ್ತ ರಾಯಭಾರಿ ಏನನ್ನೋ ಎಡವಿ ದೊಪ್ಪನೆ ಬಿದ್ದ.

ದೊರೆ ನಕ್ಕುಬಿಟ್ಟರು. "ಲೇಖನಿ ಕೊಡವ್ವ. ಆಮೇಲೆ ಅವರನ್ನು ಕೈ ಹಿಡಿದು ಬಾಗಿಲತನಕ ಬಿಟ್ಟು ಬಾ. ಪಾಪ, ಅವರಿಗೆ ಕತ್ತಲು ಹೊಸದು."