ತೊಗಲಿನ ಬಿಲ್ಲೆ

ದ್ವಾರಕಾಬಾಯಿ ಅಂಗೈ ಒತ್ತಿ ಹಿಡಿದರೂ, ಕಲ್ಲು ಮುಚ್ಚಿದ ತೊಟ್ಟಿಯ ಬುಡದ ಕೊಳವೆಯಿಂದ ನೀರು ಬೆರಳಸಂದಿಯಲ್ಲಿ ಹರಿದು ನೆಲಕ್ಕಿಂಗುತ್ತಿತ್ತು. ಬಾವಿ ಬತ್ತಿತ್ತು, ಹಂಪಿಯ ಹೊಳೆಯಿಂದ ಬಂಡಿಯಲ್ಲಿ ತರಿಸಿದ ಈ ನೀರೇ ಎಂಟು ದಿನ ಬರಬೇಕಿತ್ತು. ನೀರು ಸೋರದಂತೆ ಕೊಳವೆಯ ಕೀಲಿಗೆ ಹಾಕಿದ್ದ ತೊಗಲಿನ ಬಿಲ್ಲೆ ಮೈಲಿಗೆಯೆಂದು ಅತ್ತೆ ಅಂಬಕ್ಕ ನಿನ್ನೆಯಷ್ಟೇ ಅದನ್ನು ತೆಗೆಸಿ, ಅರಿವೆ ತುರುಕಿಸಿದ್ದರು.

“ಅರಿವಿ ನಿಲ್ಲವಲ್ದು ಅತ್ತೀ, ತೊಗಲೇ ಬೇಕ್ರಿ.”

“ಚಪ್ಪಲಿ ತೊಳೆದ ನೀರು ನಿನ್ನ ತವರಾಗ ಕುಡೀತಿದ್ರೇನು?” ಎಂದ ಅಂಬಕ್ಕ ಒದ್ದೆ ನೆಲ ನೋಡಿದರು. ಒಳಗೆ ಹೋಗಿ, ತೀರಿಹೋದ ಗಂಡ ಜಪಕ್ಕೆ ಕೂರುತ್ತಿದ್ದ ಜಿಂಕೆಯ ಚರ್ಮವನ್ನು ಎದೆಗವಚಿಕೊಂಡು ತಂದರು.

“ಇದಕ್ಕ ಮೈಲಿಗಿ ಇಲ್ಲ. ನೀನೇ ಕತ್ತರಸು, ನನ್ನ ಕೈಲಾಗೂದಿಲ್ಲ.”

ಕತ್ತರಿ ತರಲೆಂದು ದ್ವಾರಕಾಬಾಯಿ ಕೊಳವೆಯಿಂದ ಅಂಗೈ ತೆಗೆದಳು. ಒಂದು ಹನಿಯೂ ಬೀಳಲಿಲ್ಲ. ಸೋರುವುದಕ್ಕೂ ತೊಟ್ಟಿಯಲ್ಲಿ ನೀರು ಉಳಿದಿರಲಿಲ್ಲ.